ಮೊಗೀಗೆ ಜ್ವರ ಬಂದ ರಾತ್ರಿ ಯಾರೂ ಬರ್ಲಿಲ್ಲ

ಮಂಡ್ಯ ಜಿಲ್ಲೆಯ ಒಂದು ತಾಲೂಕು ಆಸ್ಪತ್ರೇಲಿ ನಾನು ಆಪ್ತಸಲಹೆ ಮಾಡೋದು. ಮಗೂಗೆ ಲಸಿಕೆ ಸೂಜಿ ತಪ್ಪಿದ ಈ ಕೇಸಲ್ಲಿ ಹೆಸರು ಊರು ಯಾವ್ದೂ ಹಾಕಿಲ್ಲ, ಗುರುತು ಸಿಗೋ ಅಂಥ ಒಂದೆರಡು ವಿವರಾನೂ ಬದಲಾಯಿಸಿದೀನಿ, ಮನೆಯವ್ರು ಬರೀಬೋದು ಅಂದಮೇಲೇ ಬರೀತಿರೋದು.

ಆ ಮನೆ ಸೊಸೆಗೆ 22 ವರ್ಷ. ಸೊಂಟದ ಮೇಲೆ ಎಂಟು ತಿಂಗಳ ಗಂಡುಮಗು, ಅವಳು ಮತ್ತೆ ನಾಕು ತಿಂಗಳ ಬಸುರಿ. ಬಸುರಿಯರ ಚೆಕಪ್ಪಿಗೆ ಅಂತ 9ನೇ ತಾರೀಕು ಬಂದಿದ್ಲು, ಪ್ರತಿ ತಿಂಗಳು 9ಕ್ಕೆ ಸರ್ಕಾರಿ ಆಸ್ಪತ್ರೇಲಿ ಬಸುರಿಯರನ್ನ ಡಾಕ್ಟ್ರೇ ನೋಡ್ತಾರಲ್ಲ, ಅದಕ್ಕೆ. ರಕ್ತ ನೋಡಿದ್ರೆ ಹಿಮೋಗ್ಲೋಬಿನ್ 8.4. ಬಸುರಿಗೆ 11 ಆದ್ರೂ ಇರ್ಬೇಕು. ಡಾಕ್ಟ್ರು ಮಾತ್ರೆ ಬರ್ಕೊಟ್ಟು, ತಗೊಳ್ತಾಳೋ ಇಲ್ವೋ ಅನುಮಾನ ಬಂದು ನನ್ನ ರೂಮಿಗೆ ಕಳ್ಸಿದ್ರು.

ಮಾತ್ರೆ ವಿಷ್ಯ ಕೇಳ್ತಾ ಕೇಳ್ತಾ ಮಗೂದು ಕೇಳ್ದೆ, ಸೂಜಿ ಎಲ್ಲಾ ಆಗಿದ್ಯಾ ಅಂತ. ತಲೆ ತಗ್ಸಿದ್ಲು. ಹುಟ್ಟಿದಾಗಿನ ಬಿಸಿಜಿ, ಪೋಲಿಯೋ ಹನಿ ಆಗಿತ್ತು, ಒಂದೂವರೆ ತಿಂಗಳಿಂದು ತವರಲ್ಲಿ ಆಗಿತ್ತು, ಮೂರು ತಿಂಗಳು ಬಾಣಂತನ ಮುಗಿಸ್ಕೊಂಡು ಗಂಡನ ಮನೆಗೆ ಬಂದ್ಮೇಲೆ ಎರಡನೇದು ಲೇಟಾಗಿ ಅಂಗನವಾಡೀಲಿ ಆಗಿತ್ತು, ಅಲ್ಲಿಂದಾಚೆ ಏನೂ ಇಲ್ಲ. ತಾಯಿ ಕಾರ್ಡ್ ತವರುಮನೆ ಟ್ರಂಕಲ್ಲಿ. ಆಮೇಲೆ ಫೋನ್ ಮಾಡಿ ವಿಚಾರಿಸಿದ್ರೆ, ತವರೂರಿನ ಆಶಾ ಕಾರ್ಯಕರ್ತೆ ಲಿಸ್ಟಲ್ಲಿ ಮಗು ಗಂಡನ ಊರಿಗೆ ಹೋಗಿದೆ ಅಂತಿತ್ತು. ಗಂಡನ ಊರಿನ ಆಶಾ ಇನ್ನೂ ಹೊಸಬ್ರು, ಅವ್ರಿಗೆ ಸಿಕ್ಕ ಹಳೇ ಲಿಸ್ಟಲ್ಲಿ ಮಗು ತವರಲ್ಲಿದೆ ಅಂತಿತ್ತು. ನಮ್ಮ ಕಡೆ ಮಕ್ಕಳಿಗೆ ಸೂಜಿ ತಪ್ಪೋದು ಬಹಳ ಸಲ ಹಿಂಗೇನೇ, ಬಾಣಂತನ ಒಂದೂರಲ್ಲಿ ಬಾಳೋದು ಇನ್ನೊಂದೂರಲ್ಲಿ, ಮಧ್ಯದಲ್ಲಿ ಮಗು ಯಾರ ಲೆಕ್ಕಕ್ಕೂ ಸಿಗಲ್ಲ.

ಆದ್ರೆ ಈ ಮನೇಲಿ ಅದೊಂದೇ ಆಗಿರ್ಲಿಲ್ಲ. "ನಮ್ಮತ್ತೆ ಬ್ಯಾಡ ಅಂದವ್ರೆ ಮೇಡಂ" ಅಂದ್ಲು. ನಾನು ಅವಳಿಗೆ ಅತ್ತೆ ಎದುರು ನಿಲ್ಲು ಅಂತ ಹೇಳಲಿಲ್ಲ. ಗಂಡ ಲಾರಿ ಡ್ರೈವರು, ವಾರಗಟ್ಲೆ ಹೊರಗೆ, ಆ ಮನೇಲಿ ಅವಳಿಗೆ ಇರೋ ಜೊತೆ ಅಂದ್ರೆ ಅತ್ತೆನೇ, ಅವ್ರನ್ನ ಎದುರು ಹಾಕ್ಕೊಂಡು ಒಂದು ಸೂಜಿ ಹಾಕ್ಸಿದ್ರೂ ಮುಂದಿನ ಸೂಜಿ, ಈ ಹೆರಿಗೆ, ಇನ್ನೊಂದು ಬಾಣಂತನ ಎಲ್ಲಾ ಅದೇ ಮನೇಲಿ ಆಗ್ಬೇಕು. ಮುಂದಿನ ಸಲ ಅತ್ತೇನೂ ಕರ್ಕೊಂಡು ಬಾ, ಸೂಜಿ ಮಾತು ಎತ್ತಬೇಡ, ನಿನ್ನ ರಕ್ತ ಕಮ್ಮಿ ಇದೆ ಊಟದ ವಿಷ್ಯ ಹೇಳ್ಬೇಕಂತೆ ಅನ್ನು ಅಂದೆ. ಅದು ಸುಳ್ಳೂ ಅಲ್ಲ.

ಅತ್ತೆ ಬಂದ್ರು. ಬಂದ ತಕ್ಷಣ, "ನೀವೂ ಬೈಯದಾದ್ರೆ ಬೈದ್ಬುಡಿ" ಅಂದ್ರು. ಇಲ್ಲ ಅವ್ವ ಕೂತ್ಕೊಳಿ, ಎರಡನೇ ಸೂಜಿ ಹಾಕ್ಸಿದ ದಿನ ಏನಾಯ್ತು ಅದನ್ನ ಹೇಳಿ ಅಂದೆ, ಅಷ್ಟೇ. ಆಮೇಲೆ ನಾನು ಬಾಯಿ ಬಿಡಲಿಲ್ಲ.

ಆವತ್ತು ಸೊಸೆಗೂ ಮೈ ಸರಿ ಇರ್ಲಿಲ್ಲ ಮಲಗಿದ್ಲು, ಗಂಡ ಊರಲ್ಲಿಲ್ಲ, ಸಂಜೆ ಮಗೂಗೆ ಮೈ ಕಾದು ತೊಡೆ ಊದ್ಕೊಂಡು ಮುಟ್ಟಕ್ಕೇ ಬಿಡ್ತಿರ್ಲಿಲ್ಲ, ರಾತ್ರಿ ಇಡೀ ಇವ್ರೊಬ್ರೇ ಮಗು ಎತ್ಕೊಂಡು ಪಡಸಾಲೇಲಿ ತಿರುಗಿದಾರೆ. "ಮೊಗ ಕಿರ್‍ಚಿ ಕಿರ್‍ಚಿ ಗಂಟ್ಲು ಕಟ್ಕತು ಕಣವ್ವ, ನಾನು ಎಂಗ್ ಮಾಡ್ಲಿ, ಯಾರ್ ಬಂದ್ರು ಆವತ್ತು?" ಜ್ವರ ಬರುತ್ತೆ ಅಂತ ಅವ್ರಿಗೆ ಯಾರೂ ಹೇಳಿರ್ಲಿಲ್ಲ. ತವರಲ್ಲಿ ಮೊದಲನೇ ಸಲ ಹೇಳಿದ್ರಂತೆ, ಬೀಗಿತ್ತಿಗೆ. ಅದಾದ್ಮೇಲಿನ ಗುರುವಾರ ಸೂಜಿಗೆ ಕರೆಯಕ್ಕೆ ಬಂದವರ್‍ಯಾರೋ, ಹಾಕಿಸ್ದೇ ಇದ್ರೆ ರೇಷನ್ ಕಾರ್ಡ್ ಕಟ್ ಆಗುತ್ತೆ ಅಂದ್ಬಿಟ್ಟಿದಾರೆ. ಅಲ್ಲಿಗೆ ಬಾಗ್ಲು ಹಾಕ್ಕೊಂಡಿದಾರೆ.

ನಾನು ಈ ಅಜ್ಜೀನ ತಿಳುವಳಿಕೆ ಇಲ್ಲದವ್ರು ಅಂತ ಬರೆಯಲ್ಲ. ರಾತ್ರಿ ಪೂರ್ತಿ ಮಗು ಎತ್ಕೊಂಡಿದ್ದವ್ರು ಅವ್ರು, ಇನ್ನೊಂದು ಅಂಥ ರಾತ್ರಿ ಬೇಡ ಅನ್ನೋದು ಅವ್ರ ಮಾತು, ಅದಕ್ಕೆ ಉತ್ತರ ಕೊಡೋದು ನಮ್ಮ ಕೆಲಸ. ರೇಷನ್ ಕಾರ್ಡಿಗೂ ಸೂಜಿಗೂ ಸಂಬಂಧ ಇಲ್ಲ ಅವ್ವ, ಯಾರೂ ಕಟ್ ಮಾಡಲ್ಲ ಅಂತ ಮೊದ್ಲು ಅದನ್ನ ಹೇಳ್ದೆ. ಹೆದರಿಸಿ ಒಂದ್ಸಲ ಕರ್ಕೊಂಡು ಹೋಗ್ಬೋದು, ಎರಡನೇ ಸಲ ಆಗಲ್ಲ.

ಆಮೇಲೆ ಜ್ವರದ ವಿಷ್ಯ. ಆ ಒಂದೇ ಸೂಜೀಲಿ ಐದು ಕಾಯಿಲೆದು ಇದೆ, ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಕಾಮಾಲೆ ತರೋ ಹೆಪಟೈಟಿಸ್ ಬಿ, ಹಿಬ್ ಅನ್ನೋ ಕ್ರಿಮಿಯಿಂದ ಬರೋ ನ್ಯುಮೋನಿಯಾ ಮತ್ತೆ ಮೆದುಳು ಪೊರೆ ಜ್ವರ. ಅದ್ರಲ್ಲಿ ನಾಯಿಕೆಮ್ಮಿನ ಭಾಗಾನೇ ಜಾಸ್ತಿ ಜ್ವರ ಬರ್ಸೋದು. ನಾಯಿಕೆಮ್ಮು ಅಂದ ತಕ್ಷಣ ಅತ್ತೆ ಮುಖ ಎತ್ತಿದ್ರು, "ಅದು ನಮ್ ಕಾಲ್ದಲ್ಲಿ ಬತ್ತಿತ್ತು, ಮಕ್ಳು ಕೆಮ್ಮಿ ಕೆಮ್ಮಿ ನೀಲಿ ತಿರುಗೋವು" ಅಂದ್ರು. ಇದನ್ನ ನಾನು ಚಾರ್ಟ್ ಇಟ್ಕೊಂಡು ಗಂಟೆಗಟ್ಲೆ ಹೇಳಿದ್ರೂ ಅಷ್ಟು ನಾಟ್ತಿರ್ಲಿಲ್ಲ, ಅವ್ರೇ ನೋಡಿದ್ದನ್ನ ಅವ್ರೇ ಹೇಳ್ಕೊಂಡ್ರು.

ಜ್ವರ ಸಾಮಾನ್ಯವಾಗಿ ಒಂದು ಅಥವಾ ಎರಡು ದಿನ ಇರುತ್ತೆ. ಪ್ಯಾರಾಸಿಟಮಾಲ್ ಹನೀನ ಮಗು ತೂಕ ನೋಡಿ ಸಿಸ್ಟರ್ ಹೇಳಿದಷ್ಟೇ ಹಾಕ್ಬೇಕು, ಅಂಗಡೀಲಿ ತಂದು ಅಂದಾಜಿನ ಮೇಲೆ ಬೇಡ. ಊದಿರೋ ಜಾಗಕ್ಕೆ ತಣ್ಣೀರು ಬಟ್ಟೆ ಇಡಿ, ಉಜ್ಜೋದು, ಬಿಸಿ ಶಾಖ ಕೊಡೋದು, ಅರಿಶಿನ ಹಚ್ಚೋದು ಬೇಡ. ಎದೆಹಾಲು ಕೊಡ್ತಾ ಇರಿ. ಸೂಜಿ ಆದ್ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರ ಎರಡು ದಿನ ದಾಟಿದ್ರೆ, ಫಿಟ್ಸ್ ಬಂದ್ರೆ, ಮಗು ಹಾಲೇ ಕುಡೀದೆ ಜೋತು ಬಿದ್ರೆ, ಮೂರು ಗಂಟೆಗಿಂತ ಜಾಸ್ತಿ ಸುಮ್ಮನಾಗ್ದೇ ಅತ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, 108ಕ್ಕೆ ಫೋನ್ ಮಾಡಿ. ಆಶಾ ಅವ್ರಿಗೆ ಹೇಳಿದ್ದು ಒಂದೇ, ಈ ಸಲ ಸಾಯಂಕಾಲ ನೀವೇ ಅವ್ರ ಮನೆಗೆ ಹೋಗಿ ಬನ್ನಿ, ರಾತ್ರಿ ಅವ್ರು ಫೋನ್ ಮಾಡಿದ್ರೆ ಎತ್ತಿ.

ಮೊದಲಿಂದ ಶುರು ಮಾಡ್ಬೇಕಾ ಅಂತ ಸೊಸೆ ಕೇಳಿದ್ಲು. ಬೇಡ. ಎಷ್ಟೇ ಲೇಟಾದ್ರೂ ನಿಂತ ಕಡೆಯಿಂದ ಮುಂದುವರಿಸ್ತಾರೆ, ಹಿಂದೆ ಆಗಿರೋದು ವ್ಯರ್ಥ ಆಗಲ್ಲ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ, ಒಂದು ತಪ್ಪಿತು ಇನ್ನೇನು ಅಂತ ಬಿಟ್ಬಿಡ್ತಾರೆ. ಮೂರನೇ ಸಲ ಒಂದಕ್ಕಿಂತ ಜಾಸ್ತಿ ಚುಚ್ತಾರೆ ಅಂತಾನೂ ಮುಂಚೇನೇ ಹೇಳ್ದೆ, ಅಲ್ಲಿ ಹೋಗಿ ಅತ್ತೆ ಗಾಬರಿ ಆಗಬಾರದಲ್ಲ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ ಮತ್ತೆ ಜಪಾನೀಸ್ ಮೆದುಳು ಜ್ವರದ್ದು. ಆ ಮೆದುಳು ಜ್ವರ ಗದ್ದೆ ನೀರಲ್ಲಿ ಹುಟ್ಟೋ ಸೊಳ್ಳೆಯಿಂದ ಬರೋದು, ಹಂದಿ ಮೈಯಲ್ಲಿ ವೈರಸ್ ಬೆಳೆಯುತ್ತೆ, ನಾಲೆ ಗದ್ದೆ ಇರೋ ನಮ್ಮ ಜಿಲ್ಲೆಗೆ ಇದು ಬೇಕೇ ಬೇಕು.

ಇನ್ನು ಬಸುರಿದು. ಕಬ್ಬಿಣದ ಮಾತ್ರೆ ನುಂಗಿದ್ರೆ ಮಗು ಕಪ್ಪಗೆ ಹುಟ್ಟುತ್ತೆ ಅಂತ ಪಕ್ಕದ ಮನೆಯವ್ರು ಹೇಳಿದ್ರಂತೆ, ಮಲ ಕಪ್ಪಗೆ ಹೋಗಿದ್ದು ನೋಡಿ ಇವಳೂ ನಂಬಿದ್ಲು. ಮಲ ಕಪ್ಪಾಗೋದು ಮಾತ್ರೆಯಿಂದಾನೇ, ಅದಕ್ಕೂ ಮಗು ಬಣ್ಣಕ್ಕೂ ಏನೂ ಇಲ್ಲ. ಊಟ ಆದ ತಕ್ಷಣ ಕಾಫಿ ಕುಡಿಯೋ ಅಭ್ಯಾಸ ಇತ್ತು, ಅದು ಕಬ್ಬಿಣ ಮೈಗೆ ಹತ್ತಕ್ಕೆ ಬಿಡಲ್ಲ. ಮಾತ್ರೆ ರಾತ್ರಿ ಮಲಗೋವಾಗ ತಗೋ, ನಿಂಬೆಹಣ್ಣಿನ ಪಾನಕದ ಜೊತೆ, ಕ್ಯಾಲ್ಸಿಯಂ ಮಾತ್ರೆ ಬೇರೆ ಹೊತ್ತಿಗೆ ಅಂದೆ. ಮುದ್ದೆ ಬಸ್ಸಾರು ಮೊಳಕೆ ಹುರುಳಿಕಾಳು ಎಲ್ಲಾ ಒಳ್ಳೇದೇ, ಆದ್ರೆ 8.4ರಿಂದ ಮೇಲಕ್ಕೆ ಬರಕ್ಕೆ ಊಟ ಒಂದೇ ಸಾಕಾಗಲ್ಲ. ರಕ್ತ ಕಮ್ಮಿ ಇದ್ದು ಹೆರಿಗೇಲಿ ಜಾಸ್ತಿ ರಕ್ತ ಹೋದ್ರೆ ತಡ್ಕೊಳೋ ಶಕ್ತಿ ಇರಲ್ಲ, ಇದನ್ನ ಅತ್ತೆ ಎದುರೇ ಹೇಳ್ದೆ. ಮಾತ್ರೆ ಕೊಡೋ ಜವಾಬ್ದಾರಿ ಅವ್ರೇ ತಗೊಂಡ್ರು.

ಮೊದಲ ಮಗು ಹಾಲು ಕುಡೀತಿದ್ರೆ ಬಸುರಿ ನಿಲ್ಲಲ್ಲ ಅಂತ ನಂಬಿದ್ರು ಗಂಡ ಹೆಂಡ್ತಿ ಇಬ್ರೂ. ಗಂಡನ ಹತ್ರ ಫೋನಲ್ಲಿ ಮಾತಾಡಿ, ಈ ಹೆರಿಗೆ ಆದ್ಮೇಲೆ ಮೂರು ವರ್ಷ ಗ್ಯಾಪ್ ಇರ್ಲಿ, ಕಾಪರ್-ಟಿ ಇದೆ, ಮೂರು ತಿಂಗಳಿಗೊಮ್ಮೆ ತಗೊಳೋ ಅಂತರ ಇಂಜೆಕ್ಷನ್ ಇದೆ ಅಂತ ಹೇಳಿದೀನಿ, ಆಯ್ತು ಮೇಡಂ ಅಂದ, ಇನ್ನೊಂದ್ಸಲ ಎದುರು ಕೂತು ಮಾತಾಡ್ಬೇಕು.

ಮೂರನೇ ಸೂಜಿ ಆಯ್ತು. ಜ್ವರಾನೂ ಬಂತು, ಅತ್ತೆ ಹನಿ ಹಾಕಿದ್ರು, ಎರಡನೇ ದಿನ ಇಳೀತು. ಅಂಗನವಾಡಿಯ ತಾಯಂದಿರ ಸಭೇಲಿ ಈಗ ಸೂಜಿ ಯಾಕೆ ಅನ್ನೋಕಿಂತ ಮುಂಚೆ ಆ ರಾತ್ರಿ ಏನ್ ಮಾಡ್ಬೇಕು ಅನ್ನೋದನ್ನ ಹೇಳೋಣ, ಸಭೆಗೆ ಅಜ್ಜಿಯರನ್ನೂ ಕರೆಯೋಣ ಅಂತ ಆಶಾ, ಅಂಗನವಾಡಿ ಟೀಚರ್ ಜೊತೆ ಮಾತಾಗಿದೆ. ಹಿಮೋಗ್ಲೋಬಿನ್ 9.3ಕ್ಕೆ ಬಂದಿದೆ, ಸಾಲದು, ಏರ್ದೇ ಇದ್ರೆ ಡ್ರಿಪ್ಪಲ್ಲಿ ಕಬ್ಬಿಣ ಕೊಡೋಣ ಅಂದಿದಾರೆ ಡಾಕ್ಟ್ರು. ಏಳನೇ ತಿಂಗಳಿಗೆ ಅವಳು ಮತ್ತೆ ತವರಿಗೆ ಹೋಗ್ತಾಳೆ. ಹೊರಡೋ ಮುಂಚೆ ಎರಡೂ ಊರಿನ ಆಶಾ ನಂಬರು ತಾಯಿ ಕಾರ್ಡಿನ ಮೇಲೆ ಬರೆಸ್ಕೊಂಡು, ದೊಡ್ಡ ಮಗೂದು ಹೊಸ ಮಗೂದು ಎರಡು ಕಾರ್ಡೂ ಒಂದೇ ಚೀಲದಲ್ಲಿ ಇಟ್ಕೊಂಡು ಹೋಗು, ಎಲ್ಲಿದ್ರೂ ಆ ಊರಿನ ಅಂಗನವಾಡೀಲೇ ಹಾಕ್ಸು ಅಂತ ಹೇಳಿದೀನಿ.