ಉಮಾ ಎಂದರೆ ‘ಬೇಡ’ ಎಂದೇ?

ಪ್ರಶ್ನೆ: ಮಗಳಿಗೆ ಉಮಾ ಎಂದು ಹೆಸರಿಟ್ಟಿದ್ದೇವೆ. ‘ಅದರ ಅರ್ಥ ಬೇಡ ಅಂತ. ಸಾಕಮ್ಮ ಅಂತ ಇಡ್ತಾರಲ್ಲ, ಹಾಗೇ’ ಎಂದು ಬಂಧುವೊಬ್ಬರು ಹೇಳಿ ಮನಸ್ಸು ಕೆಡಿಸಿದ್ದಾರೆ. ಇಂಟರ್ನೆಟ್ಟಿನಲ್ಲಿ ನೋಡಿದರೆ ಕಾಂತಿ, ಕೀರ್ತಿ ಎಂದಿದೆ. ಯಾವುದು ಸರಿ?

ಉತ್ತರ: ನಿಮ್ಮ ಬಂಧು ಅರ್ಧ ಕಥೆ ಕೇಳಿಕೊಂಡು ಬಂದಿದ್ದಾರೆ. ಆ ಅರ್ಧ ಸುಳ್ಳೇನಲ್ಲ. ಕಾಳಿದಾಸನ ‘ಕುಮಾರಸಂಭವ’ದ ಮೊದಲ ಸರ್ಗದಲ್ಲೇ ಇದೆ. ಪರ್ವತರಾಜನ ಮಗಳೆಂದು ಬಂಧುಗಳು ಮೊದಲು ಪಾರ್ವತಿ ಎಂದು ಕರೆದರು. ಮುಂದೆ ಅವಳು ತಪಸ್ಸಿಗೆ ಹೊರಟಾಗ ತಾಯಿ ಮೇನೆ ‘ಉ, ಮಾ’ ಎಂದು ತಡೆದಳು, ಹಾಗಾಗಿ ಉಮೆ ಎಂಬ ಹೆಸರು ಬಂತು. ‘ಉ’ ಎಂಬುದು ಕರೆಯುವ ಮಾತು, ‘ಮಾ’ ಎಂದರೆ ಬೇಡ. ನಮ್ಮ ಮಾತಲ್ಲಿ ಹೇಳುವುದಾದರೆ ‘ಬೇಡ ಕಣೇ’.

ಆದರೆ ಆ ತಾಯಿ ಬೇಡವೆಂದದ್ದು ತಪಸ್ಸನ್ನು, ಮಗಳನ್ನಲ್ಲ. ಮಗಳ ಮೈ ಸೊರಗೀತು ಎಂಬ ಕರುಳಿನ ಸಂಕಟ ಅದು. ಸಾಕಮ್ಮ ಎಂದು ಹೆಸರಿಡುವವರ ನಿಟ್ಟುಸಿರಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ. ಇನ್ನು ಮಗಳು ಮಾತು ಕೇಳಿದಳೇ? ಎಲ್ಲಿಯದು! ಐದನೆಯ ಸರ್ಗಕ್ಕೆ ಬಂದರೆ, ತಾನಾಗಿ ಉದುರಿದ ತರಗೆಲೆಯನ್ನೂ ತಿನ್ನುವುದು ಬಿಟ್ಟು ಅಪರ್ಣೆ ಎಂಬ ಇನ್ನೊಂದು ಹೆಸರನ್ನೂ ಗಿಟ್ಟಿಸಿಕೊಂಡಿದ್ದಾಳೆ.

ಇಷ್ಟಾಗಿ, ಇದು ಹೆಸರಿಗೆ ಹೊಂದಿಸಿದ ಕಥೆ. ಹೆಸರು ಕಾಳಿದಾಸನಿಗಿಂತ ಬಹಳ ಹಳೆಯದು. ಕೇನೋಪನಿಷತ್ತಿನಲ್ಲಿ ದೇವತೆಗಳು ಗೆದ್ದ ಸೊಕ್ಕಿನಲ್ಲಿರುವಾಗ ಯಕ್ಷವೊಂದು ಎದುರು ನಿಂತು ಹುಲ್ಲುಕಡ್ಡಿ ಇಡುತ್ತದೆ. ಅಗ್ನಿಗೆ ಅದನ್ನು ಸುಡಲಾಗುವುದಿಲ್ಲ, ವಾಯುವಿಗೆ ಕದಲಿಸಲಾಗುವುದಿಲ್ಲ. ಇಂದ್ರ ಹತ್ತಿರ ಹೋಗುವಷ್ಟರಲ್ಲಿ ಯಕ್ಷ ಮಾಯ. ಅದೇ ಆಕಾಶದಲ್ಲಿ ಉಮಾ ಹೈಮವತಿ ಕಾಣಿಸುತ್ತಾಳೆ, ‘ಅದು ಬ್ರಹ್ಮ’ ಎಂದು ಅವನಿಗೆ ತಿಳಿಸಿಕೊಡುತ್ತಾಳೆ. ಶಂಕರರ ಭಾಷ್ಯ ಅವಳನ್ನು ವಿದ್ಯೆಯೇ ಹೆಣ್ಣಾಗಿ ಬಂದದ್ದು ಎನ್ನುತ್ತದೆ. ಉಪನಿಷತ್ತಿನಲ್ಲಿ ಅವಳು ಯಾರ ಹೆಂಡತಿ ಎಂಬ ಮಾತೇ ಇಲ್ಲ ಎಂಬುದನ್ನು ಗಮನಿಸಿ. ಮಗಳಿಗೆ ಹೇಳುವುದಿದ್ದರೆ ಈ ಕಥೆಯನ್ನೇ ಮೊದಲು ಹೇಳಿ ಎಂಬುದು ನನ್ನ ಸಲಹೆ. ಕ್ರಿ.ಶ. 2ನೇ ಶತಮಾನದ ಕುಷಾಣ ದೊರೆ ಹುವಿಷ್ಕನ ನಾಣ್ಯದ ಮೇಲೂ ಶಿವನ ಪಕ್ಕದಲ್ಲಿ ಅವಳಿದ್ದಾಳೆ, ‘ಒಮ್ಮೊ’ ಎಂಬ ಹೆಸರಿನಲ್ಲಿ.

ಕಾಂತಿ, ಕೀರ್ತಿ ಎಂಬ ಅರ್ಥಗಳೂ ಯಾರೋ ಹುಟ್ಟಿಸಿಕೊಂಡವಲ್ಲ, ಸಂಸ್ಕೃತ ನಿಘಂಟುಗಳಲ್ಲಿವೆ, ಅರಿಶಿನ ಎಂಬ ಅರ್ಥದ ಜೊತೆಗೆ. ನನಗೆ ಹೆಚ್ಚು ಹಿಡಿಸಿದ್ದು ಅಮರಕೋಶ ಕೊಡುವ ಇನ್ನೊಂದು ಅರ್ಥ: ಅಗಸೆ. ಎಣ್ಣೆಗೂ ನಾರಿಗೂ ಬೆಳೆಯುವ, ನೀಲಿ ಹೂ ಬಿಡುವ ಅದೇ ಅಗಸೆ. ಪಾಣಿನಿಯ ಸೂತ್ರವೊಂದರಲ್ಲಿ ಎಳ್ಳು, ಉದ್ದಿನ ಸಾಲಿನಲ್ಲೇ ‘ಉಮಾ’ ಬೆಳೆಯುವ ಹೊಲದ ಪ್ರಸ್ತಾಪವಿದೆ.

ಬಂಧುಗಳಿಗೆ ಇನ್ನೊಂದು ಮಾತು ನೆನಪಿಸಬಹುದು. ಉಮೇಶ, ಉಮಾಪತಿ, ಉಮಾಕಾಂತ, ಈ ಗಂಡುಹೆಸರುಗಳೆಲ್ಲ ನಿಂತಿರುವುದು ನಿಮ್ಮ ಮಗಳ ಹೆಸರಿನ ಮೇಲೆ. ಅವರದೇ ಲೆಕ್ಕದಲ್ಲಿ ಹೋದರೆ ಉಮೇಶ ಎಂದರೆ ‘ಬೇಡದ ಒಡೆಯ’ ಎನ್ನಬೇಕಾದೀತು!