ಮಗನ ಭುಜವೇರಿದ ಗಿಳಿ

ಪ್ರಶ್ನೆ: ನಮ್ಮದು ಗಂಗಾವತಿ ತಾಲ್ಲೂಕಿನ ಹಳ್ಳಿ. ಎರಡೂವರೆ ತಿಂಗಳ ಹಿಂದೆ ಗಾಳಿಗೆ ಮುರಿದುಬಿದ್ದ ಒಣ ತೆಂಗಿನ ಮರದ ಪೊಟರೆಯಲ್ಲಿ ಸಿಕ್ಕ ಗಿಳಿಮರಿಯನ್ನು ಹತ್ತು ವರ್ಷದ ಮಗ ತಂದು, ಹಾಲಿನಲ್ಲಿ ನೆನೆಸಿದ ರೊಟ್ಟಿ ತಿನ್ನಿಸಿ ಸಾಕಿದ್ದಾನೆ. ಈಗ ಅದು ಅವನ ಭುಜ ಬಿಟ್ಟು ಇಳಿಯುವುದಿಲ್ಲ. ಪಂಜರ ತರೋಣವೆಂದು ಅತ್ತೆಯವರು, ಸಾಕುವುದು ಕಾನೂನಿಗೆ ವಿರುದ್ಧ, ಕಿಟಕಿ ತೆರೆದು ಬಿಟ್ಟುಬಿಡೋಣವೆಂದು ಯಜಮಾನರು. ಮಗ ಊಟ ಬಿಟ್ಟಿದ್ದಾನೆ. ಏನು ಮಾಡಲಿ?

ಉತ್ತರ: ಸೋದರಿ, ಕಾನೂನಿನ ಮಟ್ಟಿಗೆ ನಿಮ್ಮ ಯಜಮಾನರ ಮಾತು ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಯನ್ನು ಮನೆಯಲ್ಲಿ ಸಾಕುವಂತಿಲ್ಲ. ಮಗ ಅದನ್ನು ಬಲೆ ಹಾಕಿ ಹಿಡಿದದ್ದಲ್ಲ, ಸಾಯುವುದನ್ನು ತಪ್ಪಿಸಿದ್ದು ಎಂಬುದು ನಿಜವಾದರೂ, ಇಟ್ಟುಕೊಳ್ಳಲು ಅಷ್ಟು ಸಾಲದು.

ಆದರೆ ಕಿಟಕಿ ತೆರೆಯಬೇಡಿ. ಹಿಂಡಿನಲ್ಲಿ ಬೆಳೆದ ಮರಿ ಯಾವ ಮರದಲ್ಲಿ ಏನು ಸಿಗುತ್ತದೆ, ಗಿಡುಗ ಕಂಡರೆ ಎತ್ತ ಹಾರಬೇಕು ಎಂಬುದನ್ನು ದೊಡ್ಡ ಗಿಳಿಗಳ ಜೊತೆ ಸುತ್ತಿ ಕಲಿಯುತ್ತದೆ. ನಿಮ್ಮ ಗಿಳಿಗೆ ಹಿಂಡೆಂದರೆ ನಿಮ್ಮ ಮನೆಮಂದಿ. ಹಸಿದಾಗ ಅದು ಯಾರದೋ ಭುಜದ ಮೇಲೆ ಹೋಗಿ ಕೂರುತ್ತದೆ; ಆ ಭುಜ ಭತ್ತದ ಗದ್ದೆ ಕಾಯುತ್ತ, ಗಿಳಿಯ ದನಿ ಕೇಳಿದೊಡನೆ ಕವಣೆ ಎತ್ತುವವರದ್ದೂ ಆಗಿರಬಹುದು.

ಅತ್ತೆಯವರಿಗೆ ಬೇಸರವಾಗದಂತೆ ಒಂದು ಮಾತು ತಿಳಿಸಿ. (ನನ್ನ ಸೋದರತ್ತೆಯ ಪಡಸಾಲೆಯಲ್ಲೂ ಗಿಳಿಯ ಪಂಜರ ತೂಗುತ್ತಿತ್ತು, ಆಗ ಯಾರಿಗೂ ಅದು ತಪ್ಪೆನಿಸಿರಲಿಲ್ಲ.) ಸಾಕಿದ ಗಿಳಿ 20 ವರ್ಷಕ್ಕೂ ಮೀರಿ ಬದುಕಬಲ್ಲದು. ಮಗ ಕಾಲೇಜು, ಕೆಲಸವೆಂದು ಊರು ಬಿಟ್ಟ ಮೇಲೂ ಅದು ಅಲ್ಲೇ ತೂಗುತ್ತ ಅವನ ಹೆಸರು ಕೂಗುತ್ತಿರುತ್ತದೆ.

ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಇಲ್ಲವೇ ನಿಮ್ಮ ಭಾಗದ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಹೋಗಿ, ಮರಿ ಸಿಕ್ಕ ಬಗೆಯನ್ನು ಇದ್ದಂತೆ ಹೇಳಿ. ಬೇರೆ ಗಿಳಿಗಳ ಜೊತೆ ಕೆಲಕಾಲ ಇರಿಸಿ, ಕಾಡಿನ ಬದುಕು ರೂಢಿಯಾದ ಮೇಲೆ ಬಿಡಲು ಸಾಧ್ಯವೇ ಎಂದು ವಿಚಾರಿಸಿ.

ಮಗ ಶಾಲೆಗೆ ಹೋದಾಗ ಮಾತ್ರ ಒಪ್ಪಿಸಿ ಬರಬೇಡಿ. ಗಿಳಿ ಹೋದದ್ದಕ್ಕಿಂತ ನೀವು ಮುಚ್ಚಿಟ್ಟದ್ದು ಅವನಿಗೆ ಹೆಚ್ಚು ಕಾಲ ನೋಯುತ್ತದೆ. ಅವನನ್ನೇ ಕರೆದೊಯ್ಯಿರಿ. ಅದು ಏನು ತಿನ್ನುತ್ತದೆ, ಯಾವುದಕ್ಕೆ ಬೆದರುತ್ತದೆ ಎಂಬುದು ಅವನಿಗಲ್ಲದೆ ಬೇರೆಯವರಿಗೆ ಗೊತ್ತಿಲ್ಲ. ಸಿಬ್ಬಂದಿಗೂ ಅದು ಬೇಕಾದ ಮಾಹಿತಿ. ಅವನು ಅತ್ತರೆ ಅಳಲಿ. ಕಮಲಾಪುರದ ಮೃಗಾಲಯಕ್ಕೆ ಹೋದರೆ ನೋಡಬಹುದು ಎಂಬಂಥ, ನಿಮ್ಮ ಕೈಯಲ್ಲಿಲ್ಲದ ಭರವಸೆ ಕೊಡಬೇಡಿ.

ಒಪ್ಪಿಸುವವರೆಗೆ ಹಾಲು ನಿಲ್ಲಿಸಿ, ಹಕ್ಕಿಗೆ ಅದು ಜೀರ್ಣವಾಗುವುದಿಲ್ಲ. ನೆನೆಸಿದ ಕಡಲೆ, ಪೇರಲ, ಭತ್ತದ ತೆನೆ ಕೊಡಿ. ಈ ಸೆಕೆಯಲ್ಲಿ ಹೇಳಲು ನನಗೇ ಸಂಕೋಚ, ಆದರೂ ಅದು ಹಾರಾಡುವ ಕೋಣೆಯಲ್ಲಿ ಫ್ಯಾನ್ ಹಾಕಬೇಡಿ.