ಪರದೆ ಮೇಲೆ ಬಂದ ಲಾಂಚ್

ಹುಡುಗಿಯನ್ನು ಸುಮಾ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಶಿವಮೊಗ್ಗದಲ್ಲಿ ಬಿ.ಎ. ಓದುತ್ತಾಳೆ, ಹಾಸ್ಟೆಲ್ ವಾಸ. ಮೂರು ವಾರದಿಂದ ಕ್ಲಾಸಿಗೆ ಹೋಗಿರಲಿಲ್ಲ. ರೂಮಿನ ಗೆಳತಿಯೇ ಸಲಹೆಗಾರ್ತಿಯಾದ ನನ್ನ ಹತ್ತಿರ ಕರೆತಂದಳು.

ಶುರುವಾಗಿದ್ದು ಕಾಲೇಜಿನ ಒಂದು ಅತಿಥಿ ಉಪನ್ಯಾಸದಿಂದ. ವಿಷಯ, ಶಿಕ್ಷಣದಲ್ಲಿನ ಅಸಮಾನತೆ. ಬಂದವರು ಚೆನ್ನಾಗಿಯೇ ಮಾತಾಡಿದರಂತೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ, ಎಂಟನೇ ಕ್ಲಾಸಿನವರೆಗೆ ಮಾತ್ರ ಎಂದರು. ಮನೆಯಲ್ಲಿರುವ ಪುಸ್ತಕ, ಮಾತಿನ ಧಾಟಿ ಕೂಡ ಬಂಡವಾಳವೇ ಎಂದ ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಬೋರ್ಡಿಯು ಬಗ್ಗೆಯೂ ಹೇಳಿದರು. ಆಮೇಲೆ ಪರದೆ ಮೇಲೆ ಒಂದು ಫೋಟೋ ಬಂತು. ಶರಾವತಿ ಹಿನ್ನೀರು ದಾಟಿಸುವ ದೋಣಿ, ಅಂದರೆ ಲಾಂಚ್, ಅದರಲ್ಲಿ ಬ್ಯಾಗ್ ಹೊತ್ತ ಮಕ್ಕಳು. ಹಿಂದಿನ ಸಾಲಿನಿಂದ ಯಾರೋ "ಅಯ್ಯೋ ಪಾಪ" ಅಂದರು.

ಸುಮಾ ಆ ಆಚೆ ದಡದವಳು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದು ನೀರು ನಿಂತ ಮೇಲೆ ಆ ಕಡೆಯವರಿಗೆ ಲಾಂಚೇ ಗತಿ, ಇಲ್ಲವೇ ಬಲು ದೂರದ ಸುತ್ತು. ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದಿದ್ದು 2025ರ ಜುಲೈನಲ್ಲಿ. ಅಷ್ಟರಲ್ಲಿ ಇವಳ ಪಿಯುಸಿ ಮುಗಿದಿತ್ತು. ಹಾಸ್ಟೆಲ್‌ನಲ್ಲಿ ಮಾತ್ರ "ನಮ್ಮದು ಸಾಗರ ಪೇಟೆ" ಎಂದು ಹೇಳಿಕೊಂಡಿದ್ದಳು. ಫೋಟೋ ನೋಡಿ ಪಕ್ಕದವಳು ಸುಮ್ನೆ ಕೇಳಿದಳು: "ನಿಮ್ಮ ಕಡೆದೇ ಅಲ್ವಾ ಇದು?" ಸುಮಾ ಎದ್ದು ಹೊರಗೆ ಹೋದಳು.

ನಾನು ಮೊದಲು ತಪ್ಪು ದಾರಿ ಹಿಡಿದೆ. ಊರಿನ ಬಗ್ಗೆ ನಾಚಿಕೆ, ಇಂಗ್ಲಿಷ್ ಭಯ, ಅಷ್ಟೇ ಇರಬೇಕು ಅಂದುಕೊಂಡೆ. "ನಾಚಿಕೆ ಪಡೋಕೆ ಏನಿದೆ, ಇದು ನಿನ್ನ ತಪ್ಪಲ್ಲ" ಎಂದೆ. ಅವಳು ತಲೆಯಾಡಿಸಿ ಎದ್ದು ಹೋದಳು. ಇಂಥ ಮಾತನ್ನು ನಾವು ಸಲಹೆಗಾರರು ಬೇಗ ಆಡಿಬಿಡುತ್ತೇವೆ.

ಎರಡನೇ ಸಲ ಬಂದಾಗ ಕೇಳಿದೆ: "ಆ ಫೋಟೋದಲ್ಲಿ ನೀನು ಯಾರನ್ನು ನೋಡಿದೆ?"

ತುಂಬಾ ಹೊತ್ತು ಸುಮ್ಮನಿದ್ದಳು. "ಅಣ್ಣನ್ನ, ಮೇಡಂ. ಅವನು ನನಗಿಂತ ಜಾಣ. ಹತ್ತನೇ ಕ್ಲಾಸು ಮುಗಿಸಿ ಬಿಟ್ಟ. ಇಬ್ಬರನ್ನೂ ಸಾಗರದಲ್ಲಿ ಇಟ್ಟು ಓದಿಸೋಕೆ ಮನೆಯಲ್ಲಿ ಆಗ್ತಿರಲಿಲ್ಲ. ಈಗ ಅಡಿಕೆ ಕೊನೆ ತೆಗೆಯೋಕೆ ಹೋಗ್ತಾನೆ. ನಾನು ಕಷ್ಟಪಟ್ಟು ಮೇಲೆ ಬಂದೆ ಅಂದ್ಕೊಂಡಿದ್ದೆ. ಆ ಸರ್ ಮಾತು ಕೇಳಿದ ಮೇಲೆ, ಅವನ ಸೀಟಲ್ಲಿ ನಾನು ಕೂತಿದೀನಿ ಅನ್ನಿಸ್ತು."

ಹಾಗಾದರೆ ಕ್ಲಾಸು ಬಿಟ್ಟಿದ್ದು ಒಂಥರಾ ಸಾಲ ತೀರಿಸಿದ ಹಾಗೆ. ಅದನ್ನೇ ಹೇಳಿದೆ. ಬಾಯಿಗೆ ದುಪಟ್ಟಾ ಒತ್ತಿಕೊಂಡು ಅತ್ತಳು.

ನಾನು ಕೊಟ್ಟ ಸಲಹೆ ದೊಡ್ಡದೇನಲ್ಲ. ಮೊದಲು ಹಾಜರಾತಿ. ಅದು ಕಮ್ಮಿಯಾದರೆ ಪರೀಕ್ಷೆಗೇ ಕುತ್ತು. ಹಾಗಾಗಿ ಮಾರನೇ ದಿನವೇ ಕ್ಲಾಸ್ ಟೀಚರ್ ಹತ್ತಿರ ಮಾತಾಡಬೇಕು. ಊರಿನ ಸುಳ್ಳನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕಿಲ್ಲ, ಒಬ್ಬ ಗೆಳತಿಗೆ ನಿಜ ಹೇಳಿದರೆ ಸಾಕು. ಉಪನ್ಯಾಸಕ್ಕೆ ಉದಾಹರಣೆಯಾಗುವ ಹಂಗು ಅವಳಿಗಿಲ್ಲ. ಇನ್ನು ಅಣ್ಣನ ವಿಷಯ. ಅವನ ಮನಸ್ಸಿನಲ್ಲಿ ಏನಿದೆ ಎಂದು ಇವಳೇ ಊಹಿಸಿಕೊಂಡು ಕೊರಗುವುದಕ್ಕಿಂತ ಅವನನ್ನೇ ಕೇಳುವುದು. ಓದುವ ಆಸೆ ಉಳಿದಿದ್ದರೆ ಖಾಸಗಿ ಅಭ್ಯರ್ಥಿಯಾಗಿ ಪಿಯುಸಿ ಕಟ್ಟಬಹುದು, ಮುಕ್ತ ಶಾಲೆಯ ದಾರಿಯೂ ಇದೆ. ಆದರೆ ಫಾರಂ ಹಿಡಿದುಕೊಂಡು ಊರಿಗೆ ಹೋಗಬೇಡ, ಬರೀ ಕೇಳು ಎಂದೆ.

ಹತ್ತು ದಿನ ಬಿಟ್ಟು ಬಂದಳು. ಕ್ಲಾಸಿಗೆ ಹೋಗುತ್ತಿದ್ದಳು. ಅಣ್ಣನಿಗೆ ಫೋನ್ ಮಾಡಿದ್ದಾಳೆ. ಅವನು ಜೋರಾಗಿ ನಕ್ಕನಂತೆ: "ನಂಗೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ ಮಾರಾಯ್ತಿ, ಅದಕ್ಕೇ ಬಿಟ್ಟಿದ್ದು."

"ಅವನಿಗೆ ಲೆಕ್ಕದಲ್ಲಿ ಎಷ್ಟು ಬಂದಿತ್ತು?" ಎಂದೆ.

"ತೊಂಬತ್ತೊಂದು," ಎಂದಳು.